ಜಾಗತೀಕರಣದ ಪಾಠಕ್ರಮವೂ ಬೆಂಗಳೂರಿನ ರೇಷ್ಮೆಯೂ

ಪದವಿ ತರಗತಿಗಳಲ್ಲಿ ಜಾಗತೀಕರಣವನ್ನು ಕುರಿತ ಪಾಠವು ಸಾಮಾನ್ಯವಾಗಿ 1991ನೆಯ ಇಸವಿಯ ಜುಲೈ ತಿಂಗಳಿನಿಂದ ಆರಂಭವಾಗುತ್ತದೆ. ಆ ವರ್ಷ ಭಾರತ ಸರ್ಕಾರವು ವಿದೇಶವಿನಿಮಯದ ಕೊರತೆಗೆ ಸಿಕ್ಕಿ ರೂಪಾಯಿಯ ಬೆಲೆಯನ್ನು ಇಳಿಸಿದುದು, ಕೈಗಾರಿಕೆಗಳ ಪರವಾನಿಗೆಯ ಕಟ್ಟುಗಳನ್ನು ಸಡಿಲಿಸಿದುದು, 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯು ಸ್ಥಾಪಿತವಾದುದು, ಬಳಿಕ ಬೆಂಗಳೂರಿನಲ್ಲಿ ಗಣಕ ತಂತ್ರಾಂಶದ ಉದ್ಯಮವು ಹಬ್ಬಿದುದು,—ಇಷ್ಟನ್ನು ಹೇಳಿ, ಲಾಭಗಳನ್ನು ಒಂದು ಕಡೆಯೂ ಹಾನಿಗಳನ್ನು ಇನ್ನೊಂದು ಕಡೆಯೂ ಬರೆದು ಅಧ್ಯಾಯವನ್ನು ಮುಗಿಸುವುದು ವಾಡಿಕೆಯಾಗಿದೆ. ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಆ ಎರಡು ಪಟ್ಟಿಗಳನ್ನು ಬರೆದು ಉತ್ತೀರ್ಣನಾಗುತ್ತಾನೆ. ಜಾಗತೀಕರಣವೆಂಬುದು ಮಳೆಗಾಲದಂತೆ ತಾನಾಗಿ ಬಂದಿತೋ, ಅಥವಾ ಯಾರಾದರೂ ಅದನ್ನು ಮಾಡಿದರೋ ಎಂಬ ಪ್ರಶ್ನೆಯು ಅವನ ಮುಂದೆ ಬರುವುದೇ ಇಲ್ಲ.

ಕರ್ಣಾಟಕದಲ್ಲಿ 2021–22ನೆಯ ವರ್ಷದಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ಪಠ್ಯಕ್ರಮಗಳು ಬದಲಾದುವು. 2024–25ರಿಂದ ಮೂರು ವರ್ಷದ ಪದವಿಯು ಮರಳಿ ಬಂದುದರಿಂದ ಅವು ಮತ್ತೊಮ್ಮೆ ಕದಲಿದುವು. ಅಧ್ಯಯನ ಮಂಡಲಿಗಳು ಹೀಗೆ ಪದೇ ಪದೇ ಲೇಖನಿಯನ್ನು ಹಿಡಿಯಬೇಕಾಗಿ ಬಂದಿರುವ ಕಾಲದಲ್ಲಿ, ಜಾಗತೀಕರಣವನ್ನು ಸ್ವತಂತ್ರವಾದ ಒಂದು ಷಾಣ್ಮಾಸಿಕ ಪಾಠವಾಗಿ ಏರ್ಪಡಿಸುವುದಾದರೆ ಅದರ ವಸ್ತುವೇನು, ಭಾಷೆ ಯಾವುದು, ಆಕರಗಳಾವುವು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸುವುದು ಉಚಿತವಾಗಿದೆ. ಈ ವಿಚಾರಕ್ಕೆ ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಷ್ಟು ಅನುಕೂಲವಾದ ಕ್ಷೇತ್ರವು ಇನ್ನೊಂದಿಲ್ಲ. ಅದಕ್ಕೆ ಕಾರಣವು ಅಲ್ಲಿರುವ ಗಣಕೋದ್ಯಮವಲ್ಲ, ರೇಷ್ಮೆ.

ಮೊದಲು ಶಬ್ದವನ್ನು ನೋಡಬೇಕು. ಕನ್ನಡದಲ್ಲಿ ರೂಢವಾಗಿರುವ ‘ಜಾಗತೀಕರಣ’ ಎಂಬುದು ಚ್ವಿಪ್ರತ್ಯಯಾಂತವಾದ ರೂಪ. ಕೃ, ಭೂ, ಅಸ್ ಎಂಬ ಧಾತುಗಳ ಯೋಗದಲ್ಲಿ ಈ ಪ್ರತ್ಯಯವು ಬರುತ್ತದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಹಿಂದೆ ಹಾಗಿಲ್ಲದಿದ್ದುದು ಈಗ ಹಾಗಾಯಿತು ಎಂಬ ಅಭೂತತದ್ಭಾವದ ಅರ್ಥವಿದ್ದಲ್ಲಿ ಮಾತ್ರ ಇದು ಬರತಕ್ಕದ್ದೆಂದು ವಾರ್ತಿಕಕಾರನು ಮೇರೆಯನ್ನು ಕಟ್ಟಿದನು. ಪ್ರತ್ಯಯವು ತಾನು ಪೂರ್ತಿಯಾಗಿ ಲೋಪವಾಗಿ, ಹಿಂದಿನ ಅಕಾರವನ್ನು ಈಕಾರ ಮಾಡಿ ಹೋಗುತ್ತದೆ. ಬಿಳಿಯ ಬಟ್ಟೆಯನ್ನು ಒಗೆದರೆ ಅದು ಶುಕ್ಲೀಕರಣವಾಗದು, ಬಿಳುಪಲ್ಲದ್ದು ಬಿಳುಪಾಗಬೇಕು. ಆದುದರಿಂದ ‘ಜಾಗತೀಕರಣ’ ಎಂದು ನುಡಿದವನು, ಹಿಂದೆ ಜಗತ್ತಿಗೆ ಸಂಬಂಧಿಸದೆ ಇದ್ದುದೊಂದು ಈಗ ಜಗತ್ತಿಗೆ ಸಂಬಂಧಿಸಿತು ಎಂಬ ಐತಿಹಾಸಿಕ ಪ್ರತಿಜ್ಞೆಯನ್ನೇ ಮಾಡಿದಂತಾಯಿತು. ಆ ಪ್ರತಿಜ್ಞೆಯನ್ನು ಪರೀಕ್ಷಿಸದೆ ಅಂಗೀಕರಿಸುವುದು ಶಾಸ್ತ್ರಮರ್ಯಾದೆಯಲ್ಲ.

ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಅದೇ ಚ್ವಿಯು ಭೂ ಧಾತುವಿನೊಡನೆ ಸೇರಿದರೆ ‘ಜಾಗತೀಭವನ’ವಾಗುತ್ತದೆ. ಭವನದಲ್ಲಿ ವಸ್ತುವು ತಾನೇ ಹಾಗಾಗುತ್ತದೆ. ಕರಣದಲ್ಲಿ ಮತ್ತೊಬ್ಬ ಕರ್ತೃವು ಅದನ್ನು ಹಾಗೆ ಮಾಡುತ್ತಾನೆ. ನೆರೆಯ ಭಾಷೆಗಳಲ್ಲಿ ತೆಲುಗಿನವರು ‘ಪ್ರಪಂಚೀಕರಣ’ವೆಂದೂ, ಮರಾಠಿಯವರು ‘ಜಾಗತಿಕೀಕರಣ’ವೆಂದೂ, ಹಿಂದಿಯವರು ‘ವೈಶ್ವೀಕರಣ’ವೆಂದೂ ಕೃ ಧಾತುವನ್ನೇ ಹಿಡಿದಿದ್ದಾರೆ. ಬಂಗಾಳಿಯಲ್ಲಿ ಮಾತ್ರ ‘ವಿಶ್ವಾಯನ’ವೆಂಬ ರೂಪವು ನಡೆದಿದೆ, ಅಲ್ಲಿ ಕರ್ತೃವು ಮರೆಯಾಗಿ ಅಯನವು, ಎಂದರೆ ಗತಿಯು ಉಳಿಯಿತು. (ವೈದಿಕರ ಕಿವಿಗೆ ‘ಜಾಗತ’ವೆಂದೊಡನೆ ಪಾದಕ್ಕೆ ಹನ್ನೆರಡು ಅಕ್ಷರಗಳ ಜಗತೀ ಛಂದಸ್ಸೇ ಮೊದಲು ಕೇಳುವುದೆಂಬುದು ಬೇರೆಯ ಮಾತು.) ಕನ್ನಡವು ಕರಣವನ್ನು ಆರಿಸಿಕೊಂಡಿರುವುದರಿಂದ, ಈ ಶಬ್ದವನ್ನು ಬೋಧಿಸುವ ಅಧ್ಯಾಪಕನು ಕರ್ತೃಪದವನ್ನು ಕೇಳದೆ ವಾಕ್ಯವನ್ನು ಮುಗಿಸುವಂತಿಲ್ಲ. ಯಾವುದು ಭವನ, ಯಾವುದು ಕರಣ? ಕರಣವಾದರೆ ಕರ್ತೃವು ಯಾರು? ಪ್ರಸ್ತಾಪಿತವಾದ ಪಾಠವು ಆದ್ಯಂತವಾಗಿ ಕೇಳಬೇಕಾದ ಪ್ರಶ್ನೆಯು ಇದೊಂದೇ.

ಕನ್ನಡನಾಡಿನಲ್ಲಿ ಭವನಕ್ಕೆ ದೃಷ್ಟಾಂತಗಳು ಧಾರಾಳವಾಗಿವೆ. ಯಶವಂತಪುರದಲ್ಲಿ 1891ರಲ್ಲಿಯೂ, ಬೆಂಗಳೂರಿನ ವಿಮಾನ ಕಾರ್ಖಾನೆಯ ನೆಲದಲ್ಲಿ 1965ರಲ್ಲಿಯೂ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳ ನಿಧಿಗಳು ದೊರೆತುವು. ಅಯ್ಯಾವೊಳೆಯ ಐನೂರ್ವರು ತಮ್ಮನ್ನು ಸ್ವದೇಶಿ, ಪರದೇಶಿ, ನಾನಾದೇಶಿಗಳೆಂದು ಕರೆದುಕೊಂಡರು; ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಅವರು ಸಂಚರಿಸಿದ ದೇಶಗಳ ಸಾಲಿನಲ್ಲಿ ನೇಪಾಳ, ಪಾರಸ, ಕಾಂಭೋಜಗಳನ್ನು ಹೇಳಿ, ಅವರು ಒಯ್ದ ರತ್ನ, ಗಂಧದ್ರವ್ಯ, ಆನೆ, ಕುದುರೆಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಸುಮಾತ್ರಾ ದ್ವೀಪದ ಬಾರುಸಿನ ಬಳಿ 1088ರ ತಮಿಳು ಶಾಸನವು ಅದೇ ಐನೂರ್ವರದು. ಬರ್ಮಾ ದೇಶದ ಪಗಾನಿನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುದೇವಾಲಯವೇ ಇದ್ದಿತು. ‘ನಾನಾದೇಶಿ’ ಎಂಬ ಮಾತು ಇಂದಿನ ಯಾವ ಪಾರಿಭಾಷಿಕ ಶಬ್ದಕ್ಕೂ ಕಡಿಮೆಯದಲ್ಲ. ಆದರೆ ಈ ವರ್ತಕರ ವ್ಯಾಪಾರವು ದೊಡ್ಡದಾಗಿದ್ದರೂ, ಬೇಗೂರಿನಲ್ಲಿ ರಾಗಿ ಬೆಳೆಯುವವನ ಅಂದಿನ ಅನ್ನವು ಪಗಾನಿನ ಪೇಟೆಯನ್ನು ನೋಡಿಕೊಂಡು ಏರಿಳಿಯುತ್ತಿರಲಿಲ್ಲ. ಸರಕು ಲೋಕವನ್ನು ಸುತ್ತಿತು. ಬೆಳೆಗಾರನ ಬದುಕು ಸುತ್ತಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಪ್ರಾಚೀನ ಸಂಬಂಧಗಳನ್ನು ಹೇಳುವಾಗ ಉತ್ಸಾಹವು ಪ್ರಮಾಣವನ್ನು ಮೀರುವುದುಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಸ್ ಪಂಡಿತನು 1904ರಲ್ಲಿ ಸೂಚಿಸಿದನು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಆ ಪಕ್ಷವನ್ನು ಬೆಳೆಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ವಿಚಾರಿಸಿದರು. 1926ರಲ್ಲಿ ಬಾರ್ನೆಟ್ಟನು ಆ ಮಾತುಗಳು ಕನ್ನಡವಲ್ಲವೆಂದು ನಿರಾಕರಿಸಿದನು. ಇಂತಹ ವಿವಾದವನ್ನು ಹೆಮ್ಮೆಯ ಪಾಠವನ್ನಾಗಿ ಬೋಧಿಸಬಾರದು. ಪೂರ್ವಪಕ್ಷ ಸಿದ್ಧಾಂತಗಳ ಪಾಠವನ್ನಾಗಿ ಬೋಧಿಸಬಹುದು. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ತೋರಿಸುವುದಕ್ಕಾಗಿಯೇ ಪಾಠಕ್ರಮವನ್ನು ಕಟ್ಟಿದರೆ, 1991ರಿಂದಲೇ ಆರಂಭಿಸುವ ಪಾಠಕ್ಕಿಂತ ಅದು ಮೇಲೆನಿಸದು.

ಇನ್ನು ರೇಷ್ಮೆ. ಬಸವನಗುಡಿಗೂ ಜಯನಗರಕ್ಕೂ ನಡುವೆ, ಕನಕಪುರದ ರಸ್ತೆಯ ಬಳಿ, ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರಿನ ಬಡಾವಣೆಯಿದೆ. ಅಲ್ಲಿ ಇಂದು ಮನೆಗಳೂ ಅಂಗಡಿಗಳೂ ಇವೆ, ಹಿಪ್ಪುನೇರಳೆಯ ತೋಟವಿಲ್ಲ. ಅಲ್ಲಿಂದ ಪೂರ್ವಕ್ಕೆ ಜಯನಗರವನ್ನು ದಾಟಿ ಬಿ. ಟಿ. ಎಂ. ಬಡಾವಣೆಯ ಅಂಚಿಗೆ ಹೋದರೆ, ಮಡಿವಾಳದಲ್ಲಿ ಕೇಂದ್ರ ರೇಷ್ಮೆ ಮಂಡಲಿಯ ಕಚೇರಿಯಿದೆ. ಅದರ ಹೆಸರನ್ನೇ ಹೊತ್ತ ‘ಸಿಲ್ಕ್ ಬೋರ್ಡ್’ ಕೂಡುರಸ್ತೆಯು ವಾಹನಗಳ ದಟ್ಟಣೆಗೆ ಹೆಸರಾದುದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಗಣಕೋದ್ಯೋಗಿಗಳು ದಿನವೂ ಅಲ್ಲಿ ಕಾಯುತ್ತಾರೆ. ರೇಷ್ಮೆಯ ಹೆಸರಿನ ಈ ಎರಡು ಸ್ಥಳಗಳ ನಡುವೆ ಕಾಲೇಜುಗಳು ಬೇಕಾದಷ್ಟಿವೆ. ಅವುಗಳಲ್ಲಿ ಜಾಗತೀಕರಣದ ಅಧ್ಯಾಯವನ್ನು ಓದುವ ವಿದ್ಯಾರ್ಥಿಗೆ, ತಾನು ಬಸ್ಸು ಇಳಿಯುವ ನಿಲ್ದಾಣದ ಹೆಸರಿಗೂ ಆ ಅಧ್ಯಾಯಕ್ಕೂ ಸಂಬಂಧವುಂಟೆಂದು ಹೇಳುವವರಿಲ್ಲ.

ರೇಷ್ಮೆಯ ಹೆಸರುಗಳೇ ದೇಶಾಂತರದ ಕಥೆಯನ್ನು ಹೇಳುತ್ತವೆ. ‘ರೇಷ್ಮೆ’ ಎಂಬುದು ಪಾರಸೀಕ ಮೂಲದ ಮಾತು. ಕೌಟಿಲ್ಯನು ಕೌಶೇಯವನ್ನೂ ಚೀನಭೂಮಿಯಿಂದ ಬಂದ ಚೀನಪಟ್ಟವನ್ನೂ ಒಟ್ಟಿಗೆ ಹೇಳುತ್ತಾನೆ. ಕಾಳಿದಾಸನ ಶಾಕುಂತಲದಲ್ಲಿ ಧ್ವಜದ ಬಟ್ಟೆಯು ಚೀನಾಂಶುಕ. ಲಾಟದೇಶದ ಪಟ್ಟವಾಯರ ಶ್ರೇಣಿಯೊಂದು ದಶಪುರಕ್ಕೆ ವಲಸೆ ಬಂದು ಸೂರ್ಯದೇವಾಲಯವನ್ನು ಕಟ್ಟಿಸಿ, 5ನೆಯ ಶತಮಾನದಲ್ಲಿಯೇ ವತ್ಸಭಟ್ಟಿಯಿಂದ ಶಾಸನವನ್ನು ಬರೆಯಿಸಿತು. ಕನ್ನಡದ ಮನೆಗಳಲ್ಲಿ ಪೂಜೆಗೆ ಉಡುವ ಮಡಿಯು ರೇಷ್ಮೆಯದೇ. ಹುಳುವನ್ನು ಬೇಯಿಸಿ ತೆಗೆದ ನೂಲು ಹೇಗೆ ಶುದ್ಧವಾಯಿತೆಂಬ ಆಕ್ಷೇಪವೂ ಹಳೆಯದೇ. ಮನುವು ಕೌಶೇಯವನ್ನು ಚೌಳುಮಣ್ಣಿನಿಂದ ತೊಳೆಯಬೇಕೆಂದು ಹೇಳಿ ಮುಂದೆ ಹೋದನು, ಆಕ್ಷೇಪವನ್ನು ಎತ್ತಲಿಲ್ಲ. ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಕಾರ್ಯಕ್ಷೇತ್ರವು ವಿಶಾಲವಾಗಿದೆ. ಪಟ್ಟೆ, ದುಕೂಲ, ಚೀನಾಂಬರಗಳೆಂಬ ಮಾತುಗಳು ಯಾವ ಕವಿಯಲ್ಲಿ ಯಾವ ಸಂದರ್ಭದಲ್ಲಿ ಬಂದಿವೆಯೆಂಬುದನ್ನು ವಿದ್ಯಾರ್ಥಿಗಳಿಂದಲೇ ಸಂಗ್ರಹಿಸಿದರೆ, ಕಾವ್ಯಪಾಠವೂ ಇತಿಹಾಸದ ಪಾಠವೂ ಒಂದೆಡೆ ಸೇರುವುವು.

ಆದರೆ ನೇಯುವುದು ಬೇರೆ, ಹುಳು ಸಾಕುವುದು ಬೇರೆ. ಮೈಸೂರು ಸೀಮೆಯಲ್ಲಿ ಹುಳು ಸಾಕುವ ಕಸುಬಿನ ಮೊದಲಿಗೆ ಸ್ಪಷ್ಟವಾದ ಕರ್ತೃವೊಬ್ಬನು ಕಾಣಬರುತ್ತಾನೆ. ಟೀಪೂ ಸುಲ್ತಾನನು ಬಂಗಾಳಕ್ಕೆ ಆಳುಗಳನ್ನು ಕಳುಹಿಸಿ ಹುಳುಗಳನ್ನು ತರಿಸಿದನು, ಮಸ್ಕತ್ತಿನ ಕಡೆಯಿಂದಲೂ ತರಿಸಲು ಯತ್ನಿಸಿದನು, ಹಿಪ್ಪುನೇರಳೆಯನ್ನು ನೆಡಿಸಿದನು. ಇಲ್ಲಿ ಜಗತ್ತು ತಾನಾಗಿ ಬರಲಿಲ್ಲ, ಆಜ್ಞೆಯ ಮೇಲೆ ಬಂದಿತು. ಸುಲ್ತಾನನು 1799ರಲ್ಲಿ ಮಡಿದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ನನು ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ಸೀಮೆಯನ್ನು ಸುತ್ತಿ, ಬೆಂಗಳೂರು ಪೇಟೆಯ ಪಟವೇಗಾರರನ್ನೂ ಖತ್ರಿಯವರನ್ನೂ ಅವರ ಮಗ್ಗಗಳನ್ನೂ ಕುರಿತು ಬರೆದುಕೊಂಡನು. ಆಳುವವರು ಬದಲಾದರೂ ಕಸುಬು ಉಳಿದುದು ಗಮನಿಸತಕ್ಕದ್ದು.

ಬಳಿಕ 1860ರ ದಶಕದಲ್ಲಿ ಹುಳುಗಳಿಗೆ ರೋಗವು ತಗುಲಿ ಮೈಸೂರಿನ ರೇಷ್ಮೆಯು ಕ್ಷೀಣಿಸಿತು. ಅದೇ ದಶಕದಲ್ಲಿ ಫ್ರಾನ್ಸ್, ಇಟಲಿಗಳಲ್ಲಿಯೂ ರೇಷ್ಮೆಹುಳುವಿನ ರೋಗವು ಹಬ್ಬಿ, ಪಾಶ್ಚರನು ಅದರ ಪರಿಶೋಧನೆಯಲ್ಲಿ ತೊಡಗಿದ್ದನು. ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನ ಮೊಟ್ಟೆಗಳನ್ನು ಇಲ್ಲಿಗೆ ತರಿಸಿ ತಳಿಯನ್ನು ಚೇತರಿಸಲು ಪ್ರಯತ್ನಪಟ್ಟನು. ಇಟಲಿಯವನ ಕೈ, ಜಪಾನಿನ ಮೊಟ್ಟೆ, ಮೈಸೂರಿನ ಸೊಪ್ಪು: ಇವು ಒಂದೇ ತಟ್ಟೆಯಲ್ಲಿ ಸೇರಿದುದು 1991ಕ್ಕಿಂತ ನೂರಿಪ್ಪತ್ತು ವರ್ಷಗಳಿಗೂ ಹಿಂದೆ.

ಜಮ್ಷೇಟ್‌ಜಿ ಟಾಟಾರವರು 1893ರಲ್ಲಿ ಜಪಾನಿಗೆ ಹೋಗಿದ್ದರು. ಆ ಶತಮಾನವು ಮುಗಿಯುವ ಮೊದಲೇ, ಮೈಸೂರು ಸರ್ಕಾರದ ಸಹಾಯದೊಡನೆ, ಜಪಾನಿನ ತಜ್ಞರನ್ನು ಬರಮಾಡಿಕೊಂಡು ಬೆಂಗಳೂರಿನ ದಕ್ಷಿಣಕ್ಕೆ ಈ ರೇಷ್ಮೆ ತೋಟವನ್ನು ಸ್ಥಾಪಿಸಿದರು. ರೋಗವಿಲ್ಲದ ಮೊಟ್ಟೆಯನ್ನು ಆರಿಸುವುದು, ಹುಳು ಸಾಕುವುದು, ನೂಲು ಬಿಚ್ಚುವುದು ಇವೆಲ್ಲವನ್ನೂ ಜಪಾನಿನ ಕ್ರಮದಂತೆ ಅಲ್ಲಿ ಕಲಿಸುತ್ತಿದ್ದರು. ಟಾಟಾರವರು 1904ರಲ್ಲಿ ತೀರಿಕೊಂಡರು. 1910ರಲ್ಲಿ ತೋಟವು ಲಂಡನ್ನಿನಲ್ಲಿ ಕೇಂದ್ರವುಳ್ಳ ಸಾಲ್ವೇಶನ್ ಆರ್ಮಿಯ ಕೈಗೆ ಬಂದಿತು. ಪಾರಸಿ ವಣಿಜನ ಹಣ, ದೇಶೀಯ ಸಂಸ್ಥಾನದ ನೆರವು, ಜಪಾನಿನ ವಿದ್ಯೆ, ಇಂಗ್ಲೆಂಡಿನ ಧರ್ಮಸಂಘದ ಆಡಳಿತ,—ಇವಿಷ್ಟೂ ಒಂದೇ ನೆಲದ ಮೇಲೆ ಹದಿನೈದು ವರ್ಷಗಳಷ್ಟರಲ್ಲಿ ನಡೆದುವು. ಬೆಂಗಳೂರು ಟಾಟಾರವರನ್ನು ಉತ್ತರದ ವಿಜ್ಞಾನಮಂದಿರದಿಂದ ನೆನೆಯುತ್ತದೆ. ದಕ್ಷಿಣದಲ್ಲಿ ಬಡಾವಣೆಯ ಹೆಸರಷ್ಟೇ ನಿಂತಿದೆ. ಜಾಗತೀಕರಣದ ಲಕ್ಷಣಗಳನ್ನು ಪಠ್ಯಪುಸ್ತಕಗಳು ಹೇಳುವಾಗ ಬಂಡವಾಳ, ತಂತ್ರಜ್ಞಾನ, ತಜ್ಞರ ಸಂಚಾರ, ಸರ್ಕಾರದ ರಿಯಾಯಿತಿ ಎಂದು ಎಣಿಸುತ್ತವೆ. ಇವುಗಳಲ್ಲಿ ಯಾವುದು ಇಲ್ಲಿ ಇರಲಿಲ್ಲ?

ಸಂಸ್ಥಾನದ ಸರ್ಕಾರವೂ ಕೈಕಟ್ಟಿ ಕುಳಿತಿರಲಿಲ್ಲ. 1912ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ 32 ಮಗ್ಗಗಳು ಬಂದುವು. ಇಟಲಿಯ ತಜ್ಞನಾದ ವಾಷಿಂಗ್ಟನ್ ಮಾರಿಯು ನೇಮಕಗೊಂಡನು. ಚನ್ನಪಟ್ಟಣದಲ್ಲಿ ರೇಷ್ಮೆಯ ಕೆಲಸವು ಇಲಾಖೆಯ ರೂಪವನ್ನು ಪಡೆಯಿತು. ಅವನ ತರುವಾಯ ಜಪಾನಿನ ಯೋನೆಮುರಾ ಬಂದನು. ಮೈಸೂರಿನ ದೇಶೀಯ ತಳಿಯೊಡನೆ ಪರದೇಶದ ತಳಿಗಳನ್ನು ಕೂಡಿಸಿ ಮಿಶ್ರತಳಿಗಳನ್ನು ರೈತರಿಗೆ ಹಂಚಿದರು. ಇಂದು ‘ಮೈಸೂರು ರೇಷ್ಮೆ’ಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಅದರ ಮಗ್ಗದ ಇತಿಹಾಸದಲ್ಲಿ ಸ್ವಿಟ್ಜರ್ಲೆಂಡೂ, ಹುಳುವಿನ ವಂಶಾವಳಿಯಲ್ಲಿ ಜಪಾನೂ ಇರುವುದನ್ನು ವಿದ್ಯಾರ್ಥಿಯು ತಿಳಿದರೆ ಆ ಗುರುತಿನ ಬೆಲೆಯೇನೂ ಕಡಿಮೆಯಾಗದು. ‘ದೇಶೀಯ’ವೆಂಬ ಮಾತನ್ನು ಅವನು ಇನ್ನು ಮುಂದೆ ಯೋಚಿಸಿ ಆಡುವನು.

ಇಲ್ಲಿಯವರೆಗಿನದು ಬಂದ ಕಥೆ. ಇನ್ನು ಹೊಡೆತದ ಕಥೆ. 1929ರ ಅನಂತರದ ಜಗದ್ವ್ಯಾಪಿಯಾದ ಆರ್ಥಿಕ ಕುಸಿತದಲ್ಲಿ ಅಮೆರಿಕದವರು ರೇಷ್ಮೆಯನ್ನು ಕೊಳ್ಳುವುದನ್ನು ಕಡಮೆಮಾಡಿದಾಗ ಜಪಾನಿನ ನೂಲು ಅಗ್ಗವಾಗಿ ಭಾರತದ ಪೇಟೆಗೆ ನುಗ್ಗಿತು. ಕೃತಕ ರೇಷ್ಮೆಯೂ ಅದರೊಡನೆ ಸೇರಿತು. ಮೈಸೂರಿನಲ್ಲಿ ಗೂಡಿನ ಬೆಲೆಯು ಬಿದ್ದಿತು. ನ್ಯೂಯಾರ್ಕಿನ ಹೆಂಗಸೊಬ್ಬಳು ರೇಷ್ಮೆಯ ಕಾಲುಚೀಲವನ್ನು ಕೊಳ್ಳದಿದ್ದುದಕ್ಕೆ ಕನಕಪುರದ ಒಕ್ಕಲು ಹಿಪ್ಪುನೇರಳೆಯನ್ನು ಕಿತ್ತುಹಾಕಬೇಕಾಗಿ ಬಂದಿತೆಂದರೆ ಅದು ಅಲಂಕಾರದ ಮಾತಲ್ಲ. ಐನೂರ್ವರ ಕಾಲಕ್ಕೂ ಈ ಕಾಲಕ್ಕೂ ಇರುವ ಭೇದವು ಇಲ್ಲಿಯೇ ಇದೆ: ಹಿಂದೆ ಸರಕು ಮಾತ್ರ ದೂರ ಹೋಗುತ್ತಿತ್ತು, ಈಗ ಬೆಲೆಯೇ ದೂರದಲ್ಲಿ ಹುಟ್ಟಿ ಊರಿಗೆ ಬರುತ್ತದೆ. ಆಗ ಸುಂಕ ಮಂಡಲಿಯು ವಿಚಾರಣೆ ನಡೆಸಿ 1933ರಲ್ಲಿ ವರದಿಯನ್ನು ಕೊಟ್ಟಿತು. 1934ರ ಕಾಯಿದೆಯಿಂದ ರೇಷ್ಮೆಗೆ ಸುಂಕದ ರಕ್ಷಣೆಯು ದೊರೆಯಿತು. ಎಂದರೆ, ಬೆಲೆ ಬಿದ್ದುದರಲ್ಲಿ ಭವನದ ಅಂಶವಿದ್ದರೂ, ಅದಕ್ಕೆ ತಡೆಯನ್ನು ಒಡ್ಡುವುದು ಅಥವಾ ಒಡ್ಡದಿರುವುದು ಕರಣವೇ ಆಗಿತ್ತು. ಅದಕ್ಕೆ ಕರ್ತೃಗಳಿದ್ದರು, ಅವರ ಹೆಸರುಗಳು ಕಾಗದದ ಮೇಲಿದ್ದುವು.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ನೂಲು ನಿಂತು, ಪ್ಯಾರಾಚೂಟಿಗಾಗಿ ಮೈಸೂರಿನ ನೂಲಿಗೆ ಬೇಡಿಕೆ ಬಂದುದು ಈ ಪುಟದ ಮತ್ತೊಂದು ಮಗ್ಗುಲು. ಯುದ್ಧವು ಮುಗಿದ ಮೇಲೆ 1948ರ ಕಾಯಿದೆಯಿಂದ ಕೇಂದ್ರ ರೇಷ್ಮೆ ಮಂಡಲಿಯು ಹುಟ್ಟಿತು. ಅದೇ 1948ರಲ್ಲಿ ಜಯನಗರದ ಶಂಕುಸ್ಥಾಪನೆಯನ್ನು ಚಕ್ರವರ್ತಿ ರಾಜಗೋಪಾಲಾಚಾರ್ಯರು ನೆರವೇರಿಸಿದುದು ಕಾಕತಾಳೀಯ.

ಈಗ 1991ಕ್ಕೆ ಬರಬಹುದು. ರೇಷ್ಮೆಯ ಇತಿಹಾಸದಲ್ಲಿ ಆ ವರ್ಷವು ಆರಂಭವಲ್ಲ, ನಡುವಿನ ಒಂದು ತಿರುವು. ವಿಶ್ವ ಬ್ಯಾಂಕಿನ ಸಾಲದಿಂದ ಕರ್ಣಾಟಕದ ರೇಷ್ಮೆ ಯೋಜನೆಯು ಅದಕ್ಕೆ ಹತ್ತು ವರ್ಷ ಮೊದಲೇ ಆರಂಭವಾಗಿತ್ತು. 1991ರಲ್ಲಿಯೇ ಜಪಾನ್ ಸರ್ಕಾರದ ಸಹಕಾರದೊಡನೆ ದ್ವಿತಳಿ ರೇಷ್ಮೆಯ ಅಭಿವೃದ್ಧಿಕಾರ್ಯವು ಮೊದಲಾಯಿತು. ಟಾಟಾರವರ ತೋಟದಿಂದ ಹೋದ ಜಪಾನು ಮೈಸೂರಿನ ಸಂಶೋಧನಾಲಯಕ್ಕೆ ಮರಳಿ ಬಂದಂತಾಯಿತು. ಮುಂದೆ 2011–12ನೆಯ ಸಾಲಿನ ಮುಂಗಡಪತ್ರದಲ್ಲಿ ಭಾರತ ಸರ್ಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಚೀನದ ನೂಲು ಅಗ್ಗವಾಯಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಪ್ರತಿಭಟಿಸಿದರು. ಮಗ್ಗದವರಿಗೆ ನೂಲು ಅಗ್ಗವಾಗಿ ದೊರೆಯಬೇಕೆಂಬ ವಾದವೂ ಆಗ ಇತ್ತು, ಅದನ್ನು ತರಗತಿಯಲ್ಲಿ ಮರೆಸಬಾರದು. ಗೂಡು ಬೆಳೆಯುವವನ ಹಿತವೂ ಬಟ್ಟೆ ನೇಯುವವನ ಹಿತವೂ ಒಂದೇ ಅಲ್ಲವೆಂಬುದು ರೇಷ್ಮೆಯ ಅರ್ಥಶಾಸ್ತ್ರದ ಮೊದಲ ಪಾಠ. 2013–14ರ ಮುಂಗಡಪತ್ರದಲ್ಲಿ ಆ ಸುಂಕವು ಶೇಕಡ 15ಕ್ಕೆ ಏರಿತು. ಒಂದು ಅಂಕೆಯು ಇಳಿದುದರಿಂದಲೂ ಏರಿದುದರಿಂದಲೂ ಸಾವಿರಾರು ಮನೆಗಳ ಲೆಕ್ಕಾಚಾರವು ಬದಲಾಯಿತು. ಅಂಕೆಯು ತಾನಾಗಿ ಇಳಿಯಲಿಲ್ಲ.

ಈ ಪಾಠಕ್ಕೆ ರೇಷ್ಮೆಯೇ ಏಕೆ, ರಾಗಿಯನ್ನೇ ಏಕೆ ಹಿಡಿಯಬಾರದು ಎಂದು ಕೇಳಬಹುದು. ಆನೇಕಲ್ಲು, ಕನಕಪುರಗಳ ಮುದ್ದೆಯ ರಾಗಿಯು ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ಬಂದ ಧಾನ್ಯವೆಂದು ಸಸ್ಯಶಾಸ್ತ್ರಜ್ಞರ ಮತ. ಲಾಲ್‌ಬಾಗಿನ ಮೂಲಕ ಈ ಸೀಮೆಯಲ್ಲಿ ಹರಡಿದ, ಮೆಕ್ಸಿಕೋ ಕಡೆಯ ಕಾಯಿಯನ್ನು ಬೆಂಗಳೂರಿನವರು ‘ಸೀಮೆ ಬದನೆ’ ಎಂದು ಪರದೇಶದ್ದನ್ನಾಗಿ ಕರೆಯುತ್ತಾರೆ; ತಮಿಳರೂ ತೆಲುಗರೂ ಅದನ್ನೇ ‘ಬೆಂಗಳೂರು ಬದನೆ’ ಎನ್ನುತ್ತಾರೆ. ಎಲ್ಲೆಯೆಂಬ ಅರ್ಥದ ‘ಸೀಮಾ’ ಶಬ್ದವು ಕನ್ನಡದಲ್ಲಿ ನಾಡೆಂಬ ಅರ್ಥವನ್ನು ತಾಳಿ, ಕಡೆಗೆ ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಎಲ್ಲೆಯಾಚೆಯ ದೇಶವನ್ನೇ ಹೇಳುವಂತಾದುದು ಭಾಷಾಶಾಸ್ತ್ರಕ್ಕೆ ಒಂದು ಕುತೂಹಲ. ಇವೆಲ್ಲವೂ ಪಾಠದಲ್ಲಿ ಬರಬೇಕು. ಆದರೆ ರಾಗಿಯನ್ನು ತಂದವನು ಯಾರೆಂದು ಹೇಳುವ ಕಾಗದವಿಲ್ಲ. ಅದು ಭವನವಾಗಿಯೇ ಉಳಿಯುತ್ತದೆ. ರೇಷ್ಮೆಯಲ್ಲಿ ಆಜ್ಞೆ, ಒಪ್ಪಂದ, ವರದಿ, ಕಾಯಿದೆ, ಮುಂಗಡಪತ್ರಗಳು ಸಾಲಾಗಿ ಇವೆ. ಕರ್ತೃವನ್ನು ಹುಡುಕುವ ಅಭ್ಯಾಸಕ್ಕೆ ಆಕರಗಳುಳ್ಳ ವಸ್ತುವೇ ಬೇಕು.

ಗಣಕೋದ್ಯಮವನ್ನು ಬಿಟ್ಟರೆ ವಿದ್ಯಾರ್ಥಿಗಳಿಗೆ ಉದ್ಯೋಗದ ದೃಷ್ಟಿಯಿಂದ ಪ್ರಯೋಜನವೇನೆಂಬ ಆಕ್ಷೇಪವೂ ಬರುವುದು. ಅದನ್ನು ಬಿಡಬೇಕಾಗಿಲ್ಲ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದುದನ್ನು ಟಾಟಾ ತೋಟದ ಪಕ್ಕದಲ್ಲಿಟ್ಟು ಓದಿದರೆ ಎರಡರಲ್ಲಿಯೂ ಸರ್ಕಾರದ ಪಾತ್ರವೇನೆಂಬುದು ಕಾಣುವುದು. ಆದರೆ ಗಣಕೋದ್ಯಮವನ್ನೇ ಮೊದಲಿಗಿಟ್ಟರೆ, ಜಾಗತೀಕರಣವೆಂಬುದು ಇಂಗ್ಲಿಷು ಬಲ್ಲವರಿಗೆ ಆದ ಒಂದು ಶುಭವಾರ್ತೆಯೆಂಬ ಭಾವನೆಯು ಬೇರೂರುತ್ತದೆ. ರಾಮನಗರ, ಕನಕಪುರ, ಮಾಗಡಿಗಳಿಂದ ಬಸ್ಸಿನಲ್ಲಿ ಬಂದು ಬನಶಂಕರಿ ಜಯನಗರಗಳ ಕಾಲೇಜುಗಳಲ್ಲಿ ಓದುವ ಮಕ್ಕಳುಂಟು. ಅವರಲ್ಲಿ ಕೆಲವರ ಮನೆಯಲ್ಲಿ ಹುಳುಗಳು ಜ್ವರಕ್ಕೆ ಕೂತಿರುತ್ತವೆ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ದಿನ ಮಗನೋ ಮಗಳೋ ಕಾಲೇಜಿಗೆ ಬರುವುದಿಲ್ಲ. ಅಂತಹ ವಿದ್ಯಾರ್ಥಿಯು ತರಗತಿಯಲ್ಲಿ ಜಾಗತೀಕರಣದ ವ್ಯಾಖ್ಯೆಯನ್ನು ಇಂಗ್ಲಿಷಿನ ಟಿಪ್ಪಣಿಯಿಂದ ಬಾಯಿಪಾಠ ಮಾಡುತ್ತಾನೆ. ಅಧ್ಯಾಪಕನಿಗಿಂತ ತಾನೇ ಅದನ್ನು ಹೆಚ್ಚಾಗಿ ಬಲ್ಲೆನೆಂಬುದು ಅವನಿಗೆ ತಿಳಿಯದು, ಅಧ್ಯಾಪಕನಿಗೂ ತಿಳಿಯದು.

ಆದುದರಿಂದ ಈ ಪಾಠವನ್ನು ಕನ್ನಡದಲ್ಲಿಯೇ ಬೋಧಿಸುವ ಏರ್ಪಾಡಿರಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ ಬಳಿಕ, ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಜನಸಾಮಾನ್ಯರಿಗೆ ತಲಪಿಸುವುದಕ್ಕಾಗಿ ಪ್ರಚಾರೋಪನ್ಯಾಸಮಾಲೆಯನ್ನು ಹೊರಡಿಸಿತು. ಶಬ್ದಗಳಿಲ್ಲವೆಂಬ ನೆವವನ್ನು ಹೇಳಿ ಆಗಿನ ವಿದ್ವಾಂಸರು ಕೂತಿರಲಿಲ್ಲ. ರೇಷ್ಮೆಯ ವಿಷಯದಲ್ಲಿ ಶಬ್ದಗಳ ಕೊರತೆಯೇ ಇಲ್ಲ. ಚಾಕಿ, ಜ್ವರ, ಹಣ್ಣುಹುಳು, ಚಂದ್ರಿಕೆ, ಗೂಡು, ನೂಲು ಬಿಚ್ಚುವುದು ಇವು ಕಸುಬಿನವರ ಬಾಯಲ್ಲಿ ದಿನವೂ ಆಡುವ ಮಾತುಗಳು. ಕೊರತೆಯಿರುವುದು ಕಚೇರಿಯ ಮಾತುಗಳಿಗೆ, ಸುಂಕದ ಮಾತುಗಳಿಗೆ. ಅವುಗಳನ್ನು ಮಾಡಿಕೊಳ್ಳುವ ಕೆಲಸದಲ್ಲಿ ವಿದ್ಯಾರ್ಥಿಗಳನ್ನೇ ತೊಡಗಿಸಬಹುದು.

ಪಾಠದ ಕ್ರಮವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮೊದಲ ವಾರಗಳಲ್ಲಿ ಶಬ್ದವಿಚಾರ, ನಾನಾದೇಶಿಗಳ ಶಾಸನಗಳು. ನಡುವಿನ ಬಹುಭಾಗದಲ್ಲಿ ಟೀಪುವಿನಿಂದ ಇಂದಿನವರೆಗಿನ ರೇಷ್ಮೆ. ಕೊನೆಗೆ ಗಣಕೋದ್ಯಮದೊಡನೆ ತಾರತಮ್ಯ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಬೆಂಗಳೂರಿನ ಹೆಸರುಳ್ಳ ಸುಮಾರು 890ರ ವೀರಗಲ್ಲಿನ ಶಾಸನವನ್ನೂ, ಮಡಿವಾಳದ ಸೋಮೇಶ್ವರ ದೇವಾಲಯದ ತಮಿಳು ಶಾಸನಗಳನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು. ಇಂದು ಬೆಂಗಳೂರಿಗೆ ಪರಭಾಷೆಯವರು ಬಂದರೆಂದು ಅಚ್ಚರಿಪಡುವವರಿಗೆ ಮಡಿವಾಳದ ಗೋಡೆಯು ಸಾಕು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುತ್ತಿರುವುದರಿಂದ ಅಕ್ಷರಗಳನ್ನು ಓದುವ ಅಭ್ಯಾಸವೂ ಸುಲಭವಾಗಿದೆ. ಇನ್ನೊಂದು ದಿನ ರಾಮನಗರದ ಗೂಡಿನ ಮಾರುಕಟ್ಟೆ. ವಿದ್ಯುನ್ಮಾನ ಹರಾಜಿನಲ್ಲಿ ಅಂದಿನ ಬೆಲೆಯನ್ನು ಬರೆದುಕೊಂಡು, ಅದು ಏಕೆ ಅಷ್ಟಾಯಿತೆಂಬುದನ್ನು ಬೆಳೆಗಾರನಿಂದಲೂ ನೂಲು ಬಿಚ್ಚುವವನಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆಯುವುದೇ ಪರೀಕ್ಷೆಯ ಅರ್ಧಭಾಗವಾಗಬೇಕು. ಲಾಭಹಾನಿಗಳ ಪಟ್ಟಿಗೆ ಅಂಕಗಳನ್ನು ಕೊಡಬಾರದು.

ನಿಜವಾದ ಅಡ್ಡಿಯು ಆಕರಗಳದು. ಟೀಪುವಿನ ಪತ್ರಗಳು ಪಾರಸಿಯಿಂದ ಕರ್ಕ್‌ಪ್ಯಾಟ್ರಿಕ್ಕನ ಇಂಗ್ಲಿಷಿಗೆ 1811ರಲ್ಲಿ ಬಂದುವು. ಬುಕಾನನ್ನನ ಗ್ರಂಥವು 1807ರದು. ಸುಂಕ ಮಂಡಲಿಯ ವರದಿಯು ಇಂಗ್ಲಿಷಿನದು. ಇವುಗಳಲ್ಲಿ ರೇಷ್ಮೆಗೆ ಸಂಬಂಧಿಸಿದ ಭಾಗಗಳನ್ನು ಮಾತ್ರ ಆರಿಸಿ, ಟಿಪ್ಪಣಿಗಳೊಡನೆ ಕನ್ನಡಿಸಿದ ಒಂದು ಸಣ್ಣ ಆಕರಸಂಪುಟವು ಪಠ್ಯಪುಸ್ತಕಕ್ಕಿಂತ ಮೊದಲು ಹೊರಬರಬೇಕು. ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ಇತಿಹಾಸ ವಿಭಾಗವೂ ಕೂಡಿ ಒಂದೆರಡು ವರ್ಷಗಳಲ್ಲಿ ಮಾಡಬಹುದಾದ ಕೆಲಸವಿದು. ಪಾರಸಿ ಬಲ್ಲವರೊಬ್ಬರು ಜತೆಗಿದ್ದರೆ ಕರ್ಕ್‌ಪ್ಯಾಟ್ರಿಕ್ಕನ ಒಲವುಗಳನ್ನೂ ಹಿಡಿಯಬಹುದು. ಅವನು ಟೀಪುವಿನ ಮಿತ್ರನಾಗಿರಲಿಲ್ಲ.

ಆ ಸಂಪುಟದಲ್ಲಿ ಮೊದಲಿಗಿಡತಕ್ಕದ್ದು 1786ರ ಒಂದು ಚಿಕ್ಕ ಪತ್ರ. ಬುರ್ಹಾನುದ್ದೀನ, ಕಸ್ತೂರಿರಂಗ ಎಂಬಿಬ್ಬರು ಬಂಗಾಳದಿಂದ ಹುಳುಗಳೊಡನೆ ಮರಳುತ್ತಿದ್ದಾರೆಂದು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರ ಸಯ್ಯದ್ ಮಹಮ್ಮದನಿಗೆ ತಿಳಿಸುತ್ತಾನೆ. ಅವರು ಬಂದೊಡನೆ ಹುಳುಗಳನ್ನು ಎಂತಹ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ತಿಳಿಯಬೇಕು. ಹಿಂದೆ ನೆಡಲು ಹೇಳಿದ್ದ ಹಿಪ್ಪುನೇರಳೆಯ ಸೊಪ್ಪನ್ನು ಒದಗಿಸಬೇಕು. ಹುಳುಗಳು ಎಷ್ಟು ಬಂದುವು, ಅವನ್ನು ಹೆಚ್ಚಿಸುವ ಉಪಾಯವೇನು ಎಂಬುದನ್ನು ವಿವರವಾಗಿ ಬರೆದು ಕಳುಹಿಸಬೇಕು. ಸದ್ಯಕ್ಕೆ ಹಳೆಯ ಅರಮನೆಯ ಹಿಂದಿನ ಬಯಲಿನ ಬಳಿ ಅವುಗಳಿಗೆ ಸ್ಥಳವನ್ನು ಸಿದ್ಧಪಡಿಸಬೇಕು.